ಹಾನಿಯ ಲೆಕ್ಕ ಕೆಡುವುದು ಎಲ್ಲಿ, ಸರಿಪಡಿಸುವುದು ಹೇಗೆ: ವನುವಾಟು ದ್ವೀಪಗಳಿಗೊಂದು ಕಾರ್ಯವಿಧಾನ

2015ರ ಮಾರ್ಚ್ 13ರ ರಾತ್ರಿ ಪ್ಯಾಮ್ ಚಂಡಮಾರುತ ದಕ್ಷಿಣ ಪೆಸಿಫಿಕ್‌ನ ದ್ವೀಪದೇಶ ವನುವಾಟುವಿಗೆ ಅಪ್ಪಳಿಸಿದ ಹೊತ್ತಿಗೆ ಅಲ್ಲಿನ ಅಧ್ಯಕ್ಷ ಬಾಲ್ಡ್ವಿನ್ ಲಾನ್ಸ್‌ಡೇಲ್ ಜಪಾನಿನ ಸೆಂಡೈಗೆ ಹೋಗಿದ್ದರು. ಹೋಗಿದ್ದದ್ದು ವಿಪತ್ತು ಅಪಾಯ ತಗ್ಗಿಸುವ ಬಗ್ಗೆಯೇ ನಡೆದ ವಿಶ್ವಸಂಸ್ಥೆಯ ಸಮ್ಮೇಳನಕ್ಕೆ. ಐದು ದಿನಗಳ ನಂತರ ಅಲ್ಲಿ ಅಂಗೀಕಾರವಾದ ಸೆಂಡೈ ಚೌಕಟ್ಟು ಪ್ರತಿ ದೇಶದಿಂದ ಸಾವು, ಸಂತ್ರಸ್ತರು, ಆರ್ಥಿಕ ನಷ್ಟ, ಮೂಲಸೌಕರ್ಯದ ಹಾನಿ ಇಷ್ಟರ ಲೆಕ್ಕ ಕೇಳುತ್ತದೆ. ಅದೇ ವಾರ ವನುವಾಟುವಿನಿಂದ ಹೊರಬಿದ್ದ ಸಾವಿನ ಸಂಖ್ಯೆ ಮೊದಲು 24 ಇತ್ತು, ಆಮೇಲೆ 11ಕ್ಕೆ ಇಳಿಯಿತು. ಒಟ್ಟು ಹಾನಿ ಮತ್ತು ನಷ್ಟವನ್ನು 4,860 ಕೋಟಿ ವಾಟು (ಅಲ್ಲಿನ ಹಣ) ಎಂದು ಅಂದಾಜಿಸಲಾಯಿತು. ಅಂದರೆ ಸುಮಾರು 45 ಕೋಟಿ ಡಾಲರ್, ದೇಶದ ವಾರ್ಷಿಕ ಒಟ್ಟು ಉತ್ಪನ್ನದ ಶೇ 64ರಷ್ಟು.

ಮೂರು ಲಕ್ಷ ಜನ, 83 ದ್ವೀಪ, ಆರು ಪ್ರಾಂತ್ಯ. ಇಷ್ಟು ಚಿಕ್ಕ ದೇಶದಲ್ಲಿ ಮಾಹಿತಿಯೇ ಇಲ್ಲ ಎನ್ನುವುದು ಸರಿಯಲ್ಲ. ಮಾಹಿತಿ ಇದೆ, ಆದರೆ ಒಂದೇ ಮನೆಯನ್ನು ವಿಪತ್ತು ನಿರ್ವಹಣಾ ಕಚೇರಿ, ರೆಡ್ ಕ್ರಾಸ್, ಚರ್ಚು, ಪ್ರಾಂತೀಯ ಕಚೇರಿ ನಾಲ್ಕೂ ತಮ್ಮ ತಮ್ಮ ರೀತಿಯಲ್ಲಿ ಎಣಿಸಿಟ್ಟಿರುತ್ತವೆ. ಹಾಗಾಗಿ ಹೊಸ ಸಾಫ್ಟ್‌ವೇರ್ ತಂದು ಕೂರಿಸುವುದು ಇಲ್ಲಿ ಕೊನೆಯ ಕೆಲಸ. ಅದಕ್ಕೆ ಮುಂಚೆ ಮಾಡಬೇಕಾದ್ದು ಬಹಳ ಇದೆ.

ಯಾರ ಬಳಿ ಏನಿದೆ

ಎರಡು ವಾರ ಇದಕ್ಕೇ ಮೀಸಲಿಡಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಕಚೇರಿಯ ಪರಿಸ್ಥಿತಿ ವರದಿಗಳು, ಹವಾಮಾನ ಮತ್ತು ಭೂಅಪಾಯ ಇಲಾಖೆಯ ಮಾಪನಗಳು, ಲೋಕೋಪಯೋಗಿಯವರ ರಸ್ತೆ ದುರಸ್ತಿ ಬಿಲ್ಲುಗಳು, ಕೃಷಿ ಇಲಾಖೆಯ ತೋಟ ಸಮೀಕ್ಷೆ, ಶಿಕ್ಷಣ ಇಲಾಖೆಯ ಶಾಲಾ ದತ್ತಾಂಶ, ಆರೋಗ್ಯ ಇಲಾಖೆಯ ಮರಣ ದಾಖಲೆ, ಹಣಕಾಸು ಇಲಾಖೆಯ ತುರ್ತು ವೆಚ್ಚ, ಸಹಾಯ ಸಂಸ್ಥೆಗಳ ಹಂಚಿಕೆ ಪಟ್ಟಿ. ಒಂದೊಂದರ ಮುಂದೆ ಐದೇ ಅಂಶ ಬರೆದುಕೊಳ್ಳಿ: ಯಾವ ವರ್ಷದಿಂದ ಇದೆ, ಯಾವ ಮಟ್ಟದ ವಿವರ (ದ್ವೀಪವೋ, ಏರಿಯಾ ಕೌನ್ಸಿಲ್ಲೋ, ಹಳ್ಳಿಯೋ), ಕಾಗದವೋ ಕಂಪ್ಯೂಟರೋ, ಯಾವ ಭಾಷೆ, ಬೀಗದ ಕೈ ಯಾರ ಹತ್ತಿರ.

ಕೊನೆಯ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಷ್ಟೋ ಕಡೆ ಒಂದು ಚಂಡಮಾರುತದ ಪೂರ್ತಿ ಸಮೀಕ್ಷೆ ಗುತ್ತಿಗೆ ಮುಗಿಸಿ ಊರಿಗೆ ಹೋದ ಸಲಹೆಗಾರರ ಲ್ಯಾಪ್‌ಟಾಪಿನಲ್ಲಿ ಉಳಿದುಹೋಗಿರುತ್ತದೆ. ಸರ್ಕಾರದ ಬಳಿ ಇರುವುದು ವರದಿಯ ಪಿಡಿಎಫ್ ಮಾತ್ರ. ಮನೆ ಮನೆಯ ಸಾಲುಗಳಿಲ್ಲ. ಇನ್ನು ಮುಂದೆ ಸಮೀಕ್ಷೆಗೆ ಒಪ್ಪಂದ ಮಾಡಿಕೊಳ್ಳುವಾಗ, ಕಚ್ಚಾ ದತ್ತಾಂಶವನ್ನೂ ಪ್ರಶ್ನಾವಳಿಯನ್ನೂ ಒಪ್ಪಿಸಿದ ಮೇಲೆಯೇ ಕೊನೆಯ ಕಂತು ಎಂದು ಷರತ್ತು ಹಾಕಿ.

ಪ್ರತಿ ಘಟನೆಗೆ ಒಂದೇ ಸಂಖ್ಯೆ

ಘಟನೆಗೆ ಗುರುತಿನ ಸಂಖ್ಯೆ ಕೊಡುವ ಅಧಿಕಾರ ಒಂದೇ ಕಚೇರಿಗೆ ಇರಲಿ. ವನುವಾಟುವಿನಲ್ಲಿ ಚಂಡಮಾರುತ, ಭೂಕಂಪ, ಜ್ವಾಲಾಮುಖಿ ಮೂರನ್ನೂ ಹವಾಮಾನ ಮತ್ತು ಭೂಅಪಾಯ ಇಲಾಖೆಯೇ ನೋಡಿಕೊಳ್ಳುತ್ತದೆ. ಈ ಅನುಕೂಲ ಎಲ್ಲ ದೇಶಗಳಿಗೂ ಇರುವುದಿಲ್ಲ. ದೊಡ್ಡ ವಿಪತ್ತುಗಳಿಗೆ ಅಂತರರಾಷ್ಟ್ರೀಯ ಗ್ಲೈಡ್ ಸಂಖ್ಯೆ ಸಿಗುತ್ತದೆ. ಪ್ಯಾಮ್‌ನದು ಟಿಸಿ-2015-000020-ವಿಯುಟಿ. ಅದನ್ನು ಪಕ್ಕದ ಕಾಲಮ್ಮಿನಲ್ಲಿ ಇಟ್ಟುಕೊಳ್ಳಿ. ಆದರೆ ಸಣ್ಣ ಭೂಕುಸಿತಕ್ಕೆ ಗ್ಲೈಡ್ ಸಂಖ್ಯೆ ಬರುತ್ತದೆಂದು ಕಾಯುವಂತಿಲ್ಲ, ದೇಶದ್ದೇ ಸಂಖ್ಯೆ ಬೇಕು.

ಕಷ್ಟ ಶುರುವಾಗುವುದು ಘಟನೆಗಳು ಒಂದರ ಮೇಲೊಂದು ಬಂದಾಗ. 2023ರ ಮಾರ್ಚ್ 1ರಂದು ಜೂಡಿ, ಮಾರ್ಚ್ 3ರಂದು ಕೆವಿನ್, ಎರಡೂ ನಾಲ್ಕನೇ ವರ್ಗದ ಚಂಡಮಾರುತಗಳು. ಸೂರು ಹಾರಿಸಿದ್ದು ಜೂಡಿ, ಗೋಡೆ ಕೆಡವಿದ್ದು ಕೆವಿನ್ ಎಂದಾದರೆ ಆ ಮನೆ ಯಾರ ಲೆಕ್ಕಕ್ಕೆ? ಪ್ರತ್ಯೇಕಿಸಲು ಹೊರಟರೆ ಸಮೀಕ್ಷಕರು ಊಹೆ ಬರೆಯುತ್ತಾರೆ. ಎರಡಕ್ಕೂ ಬರೆದರೆ ಮನೆ ಎರಡು ಸಲ ಬಿದ್ದ ಹಾಗಾಗುತ್ತದೆ. ಇದಕ್ಕೆ ಪರಿಹಾರವೆಂದರೆ ಮೇಲೊಂದು ಗುಂಪು ಸಂಖ್ಯೆ, ಕೆಳಗೆ ಎರಡು ಉಪಸಂಖ್ಯೆ. ಗಾಳಿ, ಮಳೆಯ ಮಾಪನಗಳು ಉಪಸಂಖ್ಯೆಗೆ, ಮನೆ ತೋಟದ ಹಾನಿ ಗುಂಪು ಸಂಖ್ಯೆಗೆ. ಪ್ಯಾಮ್ ಆದ ಮೇಲೆ 2015-16ರಲ್ಲಿ ಎಲ್ ನಿನೊ ಬರ ಬಂತಲ್ಲ, ಅಲ್ಲಿ ಹೀಗೆ ಮಾಡಬಾರದು. ಬರ ಬೇರೆಯೇ ಘಟನೆ. ಆದರೆ ‘ಹಿಂದಿನ ಘಟನೆ’ ಎಂಬ ಕಾಲಮ್ಮಿನಲ್ಲಿ ಪ್ಯಾಮ್ ಸಂಖ್ಯೆ ಬರೆದಿಡಿ.

ದಿನಾಂಕದ ಬಗ್ಗೆ ಎರಡು ಮಾತು. ಅಮೆರಿಕನ್ ವಿನ್ಯಾಸದ ಎಕ್ಸೆಲ್‌ನಲ್ಲಿ 01/03/2023 ಎಂದು ಹೊಡೆದರೆ ಜೂಡಿ ಜನವರಿ 3ಕ್ಕೆ ಹೋಗಿ ಕೂರುತ್ತದೆ. ವರ್ಷ-ತಿಂಗಳು-ದಿನ ಕ್ರಮವೊಂದನ್ನೇ ಒಪ್ಪಿಕೊಳ್ಳುವಂತೆ ಕೋಶಕ್ಕೆ ಬೀಗ ಹಾಕಿ. ರಾಜಧಾನಿ ಪೋರ್ಟ್ ವಿಲಾದ ಸಮಯ ಅಂತರರಾಷ್ಟ್ರೀಯ ಸಮಯಕ್ಕಿಂತ 11 ಗಂಟೆ ಮುಂದಿರುವುದರಿಂದ, ಬೆಳಗಿನ ಜಾವ ನಡೆದ ಘಟನೆ ವಿದೇಶಿ ವರದಿಗಳಲ್ಲಿ ಹಿಂದಿನ ದಿನದ್ದಾಗಿರುತ್ತದೆ. ಒಂದೇ ಭೂಕಂಪ ಎರಡಾಗುವುದು ಹೀಗೆ.

ಊರಿನ ಗುರುತು

ಪ್ರಾಂತ್ಯ, ದ್ವೀಪ, ಏರಿಯಾ ಕೌನ್ಸಿಲ್, ಹಳ್ಳಿ: ನಾಲ್ಕು ಮಟ್ಟ. ಸಂಖ್ಯೆಗಳನ್ನು ಜನಗಣತಿಯಿಂದಲೇ ತೆಗೆದುಕೊಳ್ಳಿ, ಹೊಸದಾಗಿ ಕಟ್ಟಬೇಡಿ. ಇಲ್ಲದಿದ್ದರೆ ನಾಳೆ ಜನಸಂಖ್ಯೆಯ ಜತೆ ತಾಳೆ ನೋಡಲು ಆಗುವುದಿಲ್ಲ. ಈಗಿನ ಆರು ಪ್ರಾಂತ್ಯಗಳು ಬಂದದ್ದು 1994ರಲ್ಲಿ. ಹಿಂದಿನ ದಾಖಲೆಗಳಲ್ಲಿ ಆಡಳಿತ ವಿಭಾಗಗಳೇ ಬೇರೆ, ಊರ ಹೆಸರುಗಳೂ ಬೇರೆ. ಅಂಬೇ ದ್ವೀಪ ಅಓಬಾ ಎಂದಿರುತ್ತದೆ, ಅನೈಟ್ಯುಮ್ ಅನಟೋಮ್ ಆಗಿರುತ್ತದೆ. ಹಳೆ ಹೆಸರು, ಹೊಸ ಹೆಸರುಗಳ ಜೋಡಿಪಟ್ಟಿ ಒಂದನ್ನು ಮೊದಲೇ ಸಿದ್ಧಮಾಡಿ.

ಫೋನಿನಿಂದ ಬರುವ ಜಿಪಿಎಸ್ ಅಂಕಿಗಳಿಗೆ ಮಿತಿ ಹಾಕಿ: ಅಕ್ಷಾಂಶ -13ರಿಂದ -21, ರೇಖಾಂಶ 166ರಿಂದ 171. ಮೈನಸ್ ಚಿಹ್ನೆ ಬಿಟ್ಟುಹೋದರೆ ಇಡೀ ಹಳ್ಳಿ ಸಮಭಾಜಕದ ಆಚೆ ಉತ್ತರ ಪೆಸಿಫಿಕ್‌ನಲ್ಲಿ ತೇಲುತ್ತಿರುತ್ತದೆ. ದೋಣಿ ಮುಳುಗಿ ಸತ್ತವರನ್ನು ಯಾವ ಪ್ರಾಂತ್ಯಕ್ಕೆ ಸೇರಿಸಬೇಕು ಎಂಬ ಜಗಳವೂ ಬರುತ್ತದೆ. ಸಮುದ್ರಕ್ಕೆಂದೇ ಒಂದು ಸಂಖ್ಯೆ ಇಟ್ಟು, ಮೃತರ ಊರನ್ನು ಬೇರೆ ಕಾಲಮ್ಮಿನಲ್ಲಿ ಬರೆದರೆ ಮುಗಿಯಿತು.

ಖಾಲಿ ಬೇರೆ, ಸೊನ್ನೆ ಬೇರೆ

ಮೊದಲ ಫಾರಂ ಒಂದು ಹಾಳೆಯ ಎರಡು ಬದಿ ಮೀರಬಾರದು. ಸಾವು, ಕಾಣೆ, ಗಾಯ, ಸ್ಥಳಾಂತರ, ಪೂರ್ತಿ ಬಿದ್ದ ಮನೆ, ಹಾನಿಯಾದ ಮನೆ, ತೋಟ, ಜಾನುವಾರು, ದೋಣಿ, ನೀರಿನ ಟ್ಯಾಂಕು, ಶಾಲೆ, ಆರೋಗ್ಯ ಕೇಂದ್ರ, ರಸ್ತೆ, ಜೆಟ್ಟಿ. ಜನರ ವಿಷಯದಲ್ಲಿ ಹೆಣ್ಣು-ಗಂಡು, ವಯಸ್ಸಿನ ಮೂರು ಗುಂಪು, ಅಂಗವೈಕಲ್ಯ. ಸೆಂಡೈ ವರದಿಗೆ ಆದಾಯದ ವಿವರವೂ ಇದ್ದರೆ ಒಳ್ಳೆಯದು, ಆದರೆ ಸೂರು ಕಳೆದುಕೊಂಡು ಕೂತವರ ಹತ್ತಿರ ಮೂರನೇ ದಿನ ಅದನ್ನು ಕೇಳಲು ಹೋಗಬೇಡಿ.

ಪ್ರತಿ ಅಂಶಕ್ಕೂ ನಾಲ್ಕು ಬಗೆಯ ಉತ್ತರಕ್ಕೆ ಅವಕಾಶ ಇರಬೇಕು: ಸಂಖ್ಯೆ; ‘ನೋಡಿದ್ದೇವೆ, ಏನೂ ಇಲ್ಲ’; ‘ಆಗಿದೆ, ಎಷ್ಟೆಂದು ಗೊತ್ತಿಲ್ಲ’; ‘ನೋಡಿಲ್ಲ’. ವಿಪತ್ತಿನ ಹಾನಿ ದಾಖಲಿಸಲು ಲ್ಯಾಟಿನ್ ಅಮೆರಿಕದಲ್ಲಿ ಹುಟ್ಟಿದ ಡೆಸಿನ್ವೆಂಟಾರ್ ಪದ್ಧತಿಯಲ್ಲಿ ‘ಆಗಿದೆ, ಸಂಖ್ಯೆ ಗೊತ್ತಿಲ್ಲ’ ಎಂದು ಗುರುತು ಹಾಕುವ ಸೌಲಭ್ಯ ಮೊದಲಿಂದಲೂ ಇದೆ. ಈ ಭೇದ ಅಳಿದರೆ ಏನಾಗುತ್ತದೆ ನೋಡಿ. ಹಡಗು ತಲುಪದ ದ್ವೀಪದ ಸಾಲು ಖಾಲಿ ಇರುತ್ತದೆ, ರಾಜಧಾನಿಯಲ್ಲಿ ಮೊತ್ತ ಹಾಕುವಾಗ ಅದು ಸೊನ್ನೆಯಾಗುತ್ತದೆ, ನಕ್ಷೆಯಲ್ಲಿ ಆ ದ್ವೀಪ ಹಸಿರು ಬಣ್ಣ ಬಳಿದುಕೊಂಡು ಕ್ಷೇಮವಾಗಿರುತ್ತದೆ. ಅತಿ ಹೆಚ್ಚು ಹಾನಿಯಾದ ಕಡೆಯಿಂದಲೇ ಸುದ್ದಿ ತಡವಾಗುವುದು. ಹಾಗಾಗಿ ಈ ತಪ್ಪು ಯಾವಾಗಲೂ ಒಂದೇ ದಿಕ್ಕಿಗೆ ವಾಲುತ್ತದೆ.

ಮನೆ

ಇಡೀ ದತ್ತಾಂಶದಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಂಕಿ ಮನೆಯದ್ದು, ಅತಿ ಹೆಚ್ಚು ಎಡವಟ್ಟಾಗುವುದೂ ಅದರಲ್ಲೇ. ಒಂದೇ ಕುಟುಂಬಕ್ಕೆ ಮಲಗುವ ಮನೆ, ಪ್ರತ್ಯೇಕ ಅಡುಗೆ ಗುಡಿಸಲು, ಶೌಚಾಲಯ ಎಂದು ಮೂರು ಕಟ್ಟಡ ಇರುವುದು ಅಲ್ಲಿ ಮಾಮೂಲು. ಒಬ್ಬರು ಮೂರು ಮನೆ ಬಿತ್ತು ಎನ್ನುತ್ತಾರೆ, ಇನ್ನೊಬ್ಬರು ಒಂದು ಎನ್ನುತ್ತಾರೆ, ಇಬ್ಬರದ್ದೂ ನಿಜ. ‘ಮಲಗುವ ಮನೆ’ಯನ್ನು ಮಾತ್ರ ಮನೆಯೆಂದು ಎಣಿಸಿ, ಅಡುಗೆ ಗುಡಿಸಲಿಗೆ ಬೇರೆ ಸಾಲು ಕೊಡಿ.

ದರ್ಜೆ ನಾಲ್ಕೇ ಸಾಕು: ಹಾನಿ ಇಲ್ಲ, ವಾಸವಿರಬಹುದಾದಷ್ಟು ಹಾನಿ, ದುರಸ್ತಿಯಾಗುವ ತನಕ ವಾಸ ಸಾಧ್ಯವಿಲ್ಲ, ಮತ್ತೆ ಕಟ್ಟಬೇಕು. ಪ್ರತಿ ದರ್ಜೆಗೂ ಎರಡೆರಡು ಫೋಟೊ ಫಾರಂ ಹಿಂಬದಿಯಲ್ಲಿ ಅಚ್ಚಾಗಿರಲಿ, ಒಂದು ನಟಂಗುರ (ಒಂದು ಬಗೆಯ ತಾಳೆ) ಗರಿಯ ಸೂರಿನ ಬಿದಿರು ಮನೆ, ಇನ್ನೊಂದು ತಗಡಿನ ಸೂರಿನ ಸಿಮೆಂಟ್ ಮನೆ. ಗರಿಯ ಸೂರು ಪೂರ್ತಿ ಹೋಗಿದ್ದರೂ ಕಂಬಗಳು ನಿಂತಿದ್ದರೆ, ಗರಿ ಸಿಗುವ ಊರಿನಲ್ಲಿ ಅದು ಮೂರನೇ ದರ್ಜೆ. ತಗಡಿನ ಮನೆಗೆ ಸೂರಿನ ಜತೆ ಗೋಡೆಯ ಮೇಲಂಚೂ ಕಿತ್ತಿದ್ದರೆ ನಾಲ್ಕನೆಯದು. ಮಾತಿನಲ್ಲಿ ವಿವರಿಸಿದರೆ ಇದು ಯಾರಿಗೂ ನೆನಪಿರುವುದಿಲ್ಲ, ಫೋಟೊ ತೋರಿಸಿದರೆ ಅರ್ಧ ಗಂಟೆಯ ತರಬೇತಿ ಸಾಕು.

ದರ್ಜೆಗೆ ಪರಿಹಾರದ ಹಣ ಅಂಟಿಕೊಂಡ ಕೂಡಲೇ ಲೆಕ್ಕ ಮೇಲಕ್ಕೆ ಸರಿಯುತ್ತದೆ. ಕರ್ನಾಟಕದಲ್ಲಿ 2019ರ ನೆರೆಯ ನಂತರ ಎ, ಬಿ, ಸಿ ಎಂದು ಬಿದ್ದ ಮನೆಗಳ ವರ್ಗ ಮಾಡಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರಿಹಾರದ ಪಟ್ಟಿ ಬರೆಯುವವರು, ಹಾನಿಯ ದರ್ಜೆ ಬರೆಯುವವರು ಬೇರೆ ಬೇರೆ ಇರಲಿ. ಅಷ್ಟು ಜನ ಇಲ್ಲವೆಂದಾದರೆ ಹತ್ತರಲ್ಲಿ ಒಂದು ಮನೆಯನ್ನು ಪಕ್ಕದ ಏರಿಯಾ ಕೌನ್ಸಿಲ್‌ನವರಿಂದ ಮರುಪರಿಶೀಲಿಸಿ. ಆ ಹತ್ತನೇ ಒಂದರಲ್ಲಿ ದರ್ಜೆ ಬದಲಾದದ್ದು ಶೇ 15 ದಾಟಿದರೆ ಇಡೀ ಹಳ್ಳಿಯನ್ನು ಮತ್ತೆ ನೋಡಿ.

ತೋಟ

ಹೊರಗಿನವರು ಮಾಡುವ ಸಮೀಕ್ಷೆಗಳಲ್ಲಿ ಅತ್ಯಂತ ಬಡಕಲು ಭಾಗ ಇದು. ಗೆಣಸು, ಟಾರೊ (ಕೆಸುವಿನ ಗೆಡ್ಡೆ), ಮರಗೆಣಸು, ಬಾಳೆ ಬೆಳೆಯುವ ಮನೆಬಳಕೆಯ ತೋಟಗಳು ಕಾಡಿನ ನಡುವೆ ಅಲ್ಲಲ್ಲಿ ಇರುತ್ತವೆ, ಕೆಲವು ವರ್ಷಕ್ಕೊಮ್ಮೆ ಜಾಗ ಬದಲಾಗುತ್ತದೆ. ಹೆಕ್ಟೇರ್ ಕೇಳಿದರೆ ಸಿಗುವುದು ಬಾಯಿಗೆ ಬಂದ ಸಂಖ್ಯೆ. ಅದರ ಬದಲು ಹೀಗೆ ಕೇಳಿ: ಒಟ್ಟು ಎಷ್ಟು ತೋಟ, ಪ್ರತಿಯೊಂದರಲ್ಲಿ ಎಷ್ಟು ಹೋಯಿತು (ಕಾಲು, ಅರ್ಧ, ಮುಕ್ಕಾಲು, ಪೂರ್ತಿ), ಉಳಿದದ್ದು ಎಷ್ಟು ವಾರದ ಊಟಕ್ಕೆ ಆಗುತ್ತದೆ, ಮುಂದಿನ ನಾಟಿಗೆ ಬೀಜದ ಗೆಡ್ಡೆ ಇದೆಯೇ.

ಒಂದೇ ಸಲ ಕೇಳಿ ಕೈತೊಳೆದುಕೊಂಡರೆ ಸಾಲದು. ಗಾಳಿಗೆ ಎಲೆ ಬಳ್ಳಿ ಹರಿದುಹೋದ ಗೆಡ್ಡೆ ಮಣ್ಣಿನಡಿಯಲ್ಲಿ ಬೇಗ ಕೊಳೆಯುತ್ತದೆ. ಕೊಳೆಯುವ ಮುಂಚೆ ಜನ ಅಗೆದು ತಿನ್ನುತ್ತಾರೆ. ಹೀಗಾಗಿ ಎರಡನೇ ವಾರ ಹೋದ ಸಮೀಕ್ಷಕರಿಗೆ ಊಟಕ್ಕೆ ತೊಂದರೆ ಇರುವುದು ಕಾಣುವುದೇ ಇಲ್ಲ. ಕೊರತೆ ಕಾಣಿಸುವುದು ಎರಡು ಮೂರು ತಿಂಗಳ ಮೇಲೆ. ಎರಡನೇ ವಾರಕ್ಕೊಂದು, ಹನ್ನೆರಡನೇ ವಾರಕ್ಕೊಂದು ಭೇಟಿ ಕಡ್ಡಾಯ ಮಾಡಿ.

ಬೇರಿನಿಂದ ಪಾನೀಯ ಮಾಡುವ ಕಾವಾ ಗಿಡಕ್ಕೆ ಬೇರೆಯೇ ಲೆಕ್ಕ. ನೆಟ್ಟ ಮೇಲೆ ಕೀಳಲು ಕನಿಷ್ಠ ಮೂರು ವರ್ಷ ಬೇಕು, ನಗದು ಹೆಚ್ಚಾಗಿ ಬರುವುದು ಅದರಿಂದ. ಎರಡು ವರ್ಷದ ಗಿಡ ಉರುಳಿದರೆ ಹೋದದ್ದು ಎರಡು ವರ್ಷದ ದುಡಿಮೆ. ಆದ್ದರಿಂದ ಗಿಡಗಳನ್ನು ವಯಸ್ಸಿನ ಪ್ರಕಾರ ಎಣಿಸಿ: ಒಂದು ವರ್ಷದೊಳಗಿನವು, ಒಂದರಿಂದ ಮೂರು, ಮೂರು ದಾಟಿದವು. ತೆಂಗಿನಲ್ಲಿ ಬುಡಸಮೇತ ಬಿದ್ದದ್ದನ್ನೂ ಸುಳಿ ಮುರಿದದ್ದನ್ನೂ ಗರಿ ಮಾತ್ರ ಹರಿದದ್ದನ್ನೂ ಬೇರೆ ಮಾಡಿ. ಮೊದಲೆರಡರಲ್ಲಿ ಮರವೇ ಹೋದಂತೆ, ಮೂರನೆಯದರಲ್ಲಿ ಮುಂದಿನ ಫಸಲು ಮಾತ್ರ.

ಎಣಿಸುವವರು, ಫಾರಂ, ದಾರಿ

ಪ್ರತಿ ಸಮುದಾಯಕ್ಕೊಂದು ವಿಪತ್ತು ಮತ್ತು ಹವಾಮಾನ ಬದಲಾವಣೆ ಸಮಿತಿ ಇರಬೇಕೆಂಬುದು ವನುವಾಟುವಿನ ವ್ಯವಸ್ಥೆ. ಎಣಿಕೆಯ ಕೆಲಸ ಅವರದ್ದೇ. ಚಂಡಮಾರುತದ ಋತು ನವೆಂಬರ್‌ನಿಂದ ಏಪ್ರಿಲ್, ಆದರೆ 2023ರಲ್ಲಿ ಲೋಲಾ ಅಕ್ಟೋಬರ್‌ನಲ್ಲೇ ಬಂತು. ಆದ್ದರಿಂದ ಸೆಪ್ಟೆಂಬರ್ ಮುಗಿಯುವುದರೊಳಗೆ ಸಮಿತಿ ತನ್ನ ಹಳ್ಳಿಯ ಮನೆಪಟ್ಟಿ ಮಾಡಿಟ್ಟುಕೊಳ್ಳಬೇಕು: ಕುಟುಂಬ ಸಂಖ್ಯೆ, ಜನ, ಮನೆಯ ಬಗೆ, ತೋಟಗಳು. ಈ ಸಂಖ್ಯೆ ಬರೆದ ಚೀಟಿ ಕುಟುಂಬದ ಬಳಿ ಇರಲಿ. ಆಮೇಲೆ ರೆಡ್ ಕ್ರಾಸ್ ಬಂದರೂ ಚರ್ಚಿನವರು ಬಂದರೂ ಬರೆದುಕೊಳ್ಳುವುದು ಆ ಸಂಖ್ಯೆಯನ್ನೇ. ಎರಡೆರಡು ಸಲ ಎಣಿಸುವುದನ್ನು ತಡೆಯಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ. ಹೆಸರುಗಳು ಪ್ರಾಂತ್ಯ ಮಟ್ಟ ದಾಟಿ ಹೋಗಬಾರದು.

ಫಾರಂ ದೇಶದ ಸಂಪರ್ಕ ಭಾಷೆಯಾದ ಬಿಸ್ಲಾಮಾದಲ್ಲಿರಲಿ, ಅದರ ಜತೆ ಇಂಗ್ಲಿಷ್, ಫ್ರೆಂಚ್ ಕೂಡ ಅಧಿಕೃತವಾದರೂ ಹಳ್ಳಿಯಲ್ಲಿ ಎಲ್ಲರಿಗೂ ನಿಲುಕುವುದು ಅದು. ಫೋನಿನಲ್ಲಿ ತುಂಬುವುದಾದರೆ ಕೋಬೊ ಥರದ, ನೆಟ್‌ವರ್ಕ್ ಇಲ್ಲದೆಯೂ ಕೆಲಸ ಮಾಡುವ ಆ್ಯಪ್ ಆರಿಸಿ. 2024ರ ಡಿಸೆಂಬರ್ 17ರ 7.3 ತೀವ್ರತೆಯ ಭೂಕಂಪದಲ್ಲಿ ರಾಜಧಾನಿಯಲ್ಲೇ ಕೇಬಲ್ ಇಂಟರ್ನೆಟ್ ದಿನಗಟ್ಟಲೆ ಕಡಿದಿತ್ತು. ಪ್ರತಿ ಸಮಿತಿಗೂ ಲ್ಯಾಮಿನೇಟ್ ಮಾಡಿದ ಒಂದು ಮಾದರಿ, 50 ಕಾಗದದ ಫಾರಂ, ಪೆನ್ಸಿಲ್ (ಪೆನ್ನಿನ ಶಾಯಿ ಮಳೆಗೆ ಹರಡುತ್ತದೆ) ಮೊದಲೇ ಹೋಗಿರಲಿ. ರೇಡಿಯೊದಲ್ಲಿ ಓದಿ ಹೇಳುವುದಕ್ಕೆ ಸಾಲುಗಳಿಗೆ 1ರಿಂದ 20 ಎಂದು ಅಂಕಿ ಹಾಕಿರಿ. ‘ಹನ್ನೊಂದು: ನಾಲ್ಕು, ಹನ್ನೆರಡು: ನೋಡಿಲ್ಲ’ ಎಂದರೆ ಸಾಕು.

ಮೂರು ಸುತ್ತು, ಮೂರು ದಾಖಲೆ

72 ಗಂಟೆಯ ಅಂದಾಜು, 14ನೇ ದಿನದ ಎಣಿಕೆ, 90ನೇ ದಿನದ ಅಂತಿಮ ಲೆಕ್ಕ. ಹಿಂದಿನದನ್ನು ಅಳಿಸಿ ಹೊಸದು ಬರೆಯಬೇಡಿ. ಮೂರೂ ಉಳಿಯಲಿ, ಪ್ರತಿಯೊಂದರ ಮೇಲೂ ಹೊತ್ತು ಮತ್ತು ಮೂಲ ಇರಲಿ. ಸಾವನ್ನು ಅಂತಿಮಗೊಳಿಸುವ ಹಕ್ಕು ಆರೋಗ್ಯ ಇಲಾಖೆಯದ್ದೊಂದೇ. ಆಸ್ಪತ್ರೆ, ಪೊಲೀಸ್, ಹಳ್ಳಿ ಮೂರೂ ಕಡೆಯಿಂದ ಒಂದೇ ಸಾವು ಬರುವುದರಿಂದ ವಯಸ್ಸು, ಲಿಂಗ, ಊರು, ದಿನ ನಾಲ್ಕನ್ನೂ ಹೊಂದಿಸಿ ನೋಡದೆ ಕೂಡಿಸಬೇಡಿ. ಕಾಣೆಯಾದವರನ್ನು ಸತ್ತವರಿಗೆ ಸೇರಿಸುವ ದಿನವನ್ನೂ ನಿಯಮದಲ್ಲಿ ಬರೆದಿಡಿ.

ಹಣಕ್ಕೆ ಪರಿವರ್ತನೆ

ಹಾನಿ ಎಂದರೆ ಮುರಿದ ವಸ್ತುವನ್ನು ಮತ್ತೆ ಕಟ್ಟುವ ವೆಚ್ಚ, ನಷ್ಟ ಎಂದರೆ ಅದರಿಂದ ನಿಂತುಹೋದ ಆದಾಯ. ಎರಡಕ್ಕೂ ಬೇರೆ ಕಾಲಮ್. ಸೆಂಡೈ ವರದಿ ಕೇಳುವುದು ನೇರ ಹಾನಿಯನ್ನು ಮಾತ್ರ. ಪ್ಯಾಮ್‌ನ 4,860 ಕೋಟಿಯಲ್ಲಿ ಎರಡೂ ಸೇರಿವೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟು ವರ್ಷದಿಂದ ವರ್ಷಕ್ಕೆ ಹೋಲಿಸುವುದು ತಪ್ಪು.

ಮನೆಯ ಲೆಕ್ಕ ಹೀಗೆ (ಅಂಕಿಗಳು ಉದಾಹರಣೆಗಷ್ಟೇ): 40 ಮನೆ ಪೂರ್ತಿ ಹೋಗಿವೆ, 120ಕ್ಕೆ ಹಾನಿ, ಸರಾಸರಿ 36 ಚದರ ಮೀಟರ್, ಚದರ ಮೀಟರಿಗೆ 20,000 ವಾಟು. ಹೋದವು 40×36×20,000, ಅಂದರೆ 2.88 ಕೋಟಿ. ಹಾನಿಯಾದವನ್ನು ಪೂರ್ತಿ ಬೆಲೆಯ ಶೇ 25ಕ್ಕೆ ಹಿಡಿದರೆ 2.16 ಕೋಟಿ. ಒಟ್ಟು 5.04 ಕೋಟಿ ವಾಟು. ಗರಿಯ ಮನೆಗೆ ಸಿಮೆಂಟ್ ಮನೆಯ ದರ ಹಾಕಿದರೆ ಲೆಕ್ಕ ಹಲವು ಪಟ್ಟು ಉಬ್ಬುತ್ತದೆ. ಪೇಟೆಯಲ್ಲಿ ಕೊಂಡ ಸಾಮಾನಿನ ಬೆಲೆ ಮಾತ್ರ ಹಿಡಿದರೆ ಗರಿಯ ಮನೆಗೆ ಬೆಲೆಯೇ ಇಲ್ಲವಾಗುತ್ತದೆ. ಗರಿ ಹೆಣೆಯುವ, ಬಿದಿರು ಕಡಿಯುವ ದಿನಗಳನ್ನು ಕನಿಷ್ಠ ಕೂಲಿಯಿಂದ ಗುಣಿಸಿ ಪ್ರತ್ಯೇಕ ದರ ಮಾಡಿ. ತೋಟಕ್ಕೂ ಹಾಗೆಯೇ: ಅಂಕಿಅಂಶ ಕಚೇರಿ ಋತುವಿಗೆ ಮುಂಚೆ ಪ್ರಾಂತ್ಯವಾರು ಬೆಲೆಪಟ್ಟಿ ಹೊರಡಿಸಲಿ. ಚಂಡಮಾರುತದ ನಂತರದ ಮಾರುಕಟ್ಟೆ ಬೆಲೆ ಬಳಸಬಾರದು, ಆಗ ಅದು ಏರಿರುತ್ತದೆ. ಮೊತ್ತ ಆಯಾ ವರ್ಷದ ವಾಟುವಿನಲ್ಲೇ ಇರಲಿ, ಡಾಲರ್ ದರ ಪಕ್ಕದಲ್ಲಿ.

ಸಣ್ಣ ಘಟನೆ, ಹಳೆ ಘಟನೆ

ಬೆಲ್ಜಿಯಂನ ಇಎಂ-ಡ್ಯಾಟ್ ಎಂಬ ಜಾಗತಿಕ ವಿಪತ್ತು ಪಟ್ಟಿಗೆ ಸೇರಬೇಕಾದರೆ ಹತ್ತು ಸಾವೋ, ನೂರು ಸಂತ್ರಸ್ತರೋ, ತುರ್ತುಸ್ಥಿತಿ ಘೋಷಣೆಯೋ, ವಿದೇಶಿ ನೆರವಿನ ಕೋರಿಕೆಯೋ ಇರಬೇಕು. ಎಂಟು ಮನೆ ಕೊಚ್ಚಿದ ಹೊಳೆ, ಟಾನ್ನಾ ದ್ವೀಪದಲ್ಲಿ ಯಾಸುರ್ ಜ್ವಾಲಾಮುಖಿಯ ಬೂದಿ ಬಿದ್ದು ಕೆಟ್ಟ ತೋಟ, ಉಪ್ಪಾದ ಬಾವಿ ಇವು ಅಲ್ಲಿಗೆ ಸೇರುವುದು ಅಪರೂಪ. ಇವನ್ನು ಹಿಡಿಯಲು ತಿಂಗಳಿಗೊಂದು ಫೋನ್ ಸಾಕು: ಪ್ರತಿ ತಿಂಗಳ ಮೊದಲ ವಾರ ಆರು ಪ್ರಾಂತ್ಯಗಳಿಗೂ ಕರೆ, ಐದು ಪ್ರಶ್ನೆ. ಏನೂ ಆಗಿಲ್ಲವೆಂದರೆ ‘ಕೇಳಿದ್ದೇವೆ, ಇಲ್ಲ’ ಎಂದು ಬರೆಯಿರಿ.

ಹಳೆಯದನ್ನು ತುಂಬುವಾಗ 2005ರಿಂದ ಆರಂಭಿಸಿ, ಸೆಂಡೈ ಹೋಲಿಕೆಯ ಬುನಾದಿ 2005-2015. ಅದು ಮುಗಿದ ಮೇಲೆ 1980ರವರೆಗೆ ಹಿಂದೆ ಹೋಗಬಹುದು. ಅದಕ್ಕೂ ಹಿಂದೆ ಬ್ರಿಟಿಷರೂ ಫ್ರೆಂಚರೂ ಒಟ್ಟಿಗೆ ಆಳುತ್ತಿದ್ದ ಕಾಲ, ಕಡತಗಳು ಎರಡು ಭಾಷೆಯಲ್ಲಿ, ಎರಡು ಕಡೆ. ಆಸೆಗೆ ಬಿದ್ದು ಅಲ್ಲಿಗೆ ಮೊದಲೇ ಕೈಹಾಕಿದರೆ ಇತ್ತೀಚಿನದ್ದೂ ಮುಗಿಯುವುದಿಲ್ಲ.

ಕೊನೆಗೆ ಕಂಪ್ಯೂಟರ್

ಮೇಲಿನದ್ದೆಲ್ಲ ಒಂದು ಋತು ಕಾಗದ ಮತ್ತು ಎಕ್ಸೆಲ್‌ನಲ್ಲಿ ನಡೆದ ಮೇಲೆ ತಂತ್ರಾಂಶಕ್ಕೆ ಹೋಗಿ. ಡೆಸಿನ್ವೆಂಟಾರ್ ಉಚಿತ. ಈಗ ವಿಶ್ವಸಂಸ್ಥೆಯ ವಿಪತ್ತು ಅಪಾಯ ತಗ್ಗಿಸುವ ಕಚೇರಿ, ಅದರದ್ದೇ ಅಭಿವೃದ್ಧಿ ಕಾರ್ಯಕ್ರಮ ಯುಎನ್‌ಡಿಪಿ, ವಿಶ್ವ ಹವಾಮಾನ ಸಂಸ್ಥೆ ಮೂರೂ ಸೇರಿ ಡೆಲ್ಟಾ ರೆಸಿಲಿಯೆನ್ಸ್ ಎಂಬ ಹೊಸ ವ್ಯವಸ್ಥೆ ತರುತ್ತಿವೆ; ಘಟನೆಯ ಮಾಪನವನ್ನೂ ಹಾನಿಯನ್ನೂ ಜೋಡಿಸುವುದು ಅದರ ಉದ್ದೇಶ. ಯಾವುದನ್ನೇ ಆರಿಸಿ, ಎಲ್ಲ ಸಾಲುಗಳನ್ನೂ ಸರಳ ಸಿಎಸ್‌ವಿ ಕಡತವಾಗಿ ಹೊರತೆಗೆಯಲು ಆಗುತ್ತದೆಯೇ ಎಂದು ಮೊದಲು ಪರೀಕ್ಷಿಸಿ.

ಈ ಕೆಲಸಕ್ಕೆ ಪೂರ್ಣಾವಧಿಯ ಇಬ್ಬರು ಬೇಕು, ಒಬ್ಬರು ವಿಪತ್ತು ನಿರ್ವಹಣಾ ಕಚೇರಿಯಲ್ಲಿ, ಇನ್ನೊಬ್ಬರು ಅಂಕಿಅಂಶ ಕಚೇರಿಯಲ್ಲಿ. ಒಂದೇ ಕಚೇರಿಯಲ್ಲಿ ಇಟ್ಟರೆ ವಿಪತ್ತು ಬಂದ ದಿನ ಇಬ್ಬರನ್ನೂ ಅಕ್ಕಿ ಹಂಚಲು ಕಳಿಸುತ್ತಾರೆ. ಸಂಬಳ ಸರ್ಕಾರದ ಬಜೆಟ್ಟಿನಿಂದ ಬರಲಿ, ಯೋಜನೆಯ ಹಣದಿಂದಾದರೆ ಯೋಜನೆ ಮುಗಿದ ದಿನ ಕುರ್ಚಿ ಖಾಲಿ. ದತ್ತಾಂಶದ ಒಂದು ಪ್ರತಿ ಪೋರ್ಟ್ ವಿಲಾದಲ್ಲಿ, ಒಂದು ಸಾಂಟೊ ದ್ವೀಪದ ಲುಗಾನ್‌ವಿಲ್‌ನಲ್ಲಿ, ಒಂದು ದೇಶದ ಹೊರಗಿನ ಸರ್ವರ್‌ನಲ್ಲಿ ಇರಬೇಕು. ಆರು ತಿಂಗಳಿಗೊಮ್ಮೆ ಲುಗಾನ್‌ವಿಲ್ ಪ್ರತಿಯನ್ನು ತೆರೆದು ಸಾಲುಗಳ ಸಂಖ್ಯೆ ತಾಳೆ ನೋಡಿ.